ಬೀಡಿ ಕಟ್ಟುತ್ತಾ ಹೇಳಿದ ಯೋನನ ಕಥೆ

"ಶಾಲೆಯ ಮೆಟ್ಟಲು ಹತ್ತದವಳು ಸುವಾರ್ತೆ ಸಾರುದುಂಟಾ? ನಾನೇ ಬಂದು ನೋಡ್ತೇನೆ. ಆಗದಿದ್ದರೆ ವಾಪಸ್ ಅಡುಗೆಮನೆಗೆ" ಎಂದಿದ್ದರು ನಮ್ಮ ಪಾದ್ರಿಯವರು.

ಹಟ ಹಿಡಿದು ಈಶ್ವರಮಂಗಲದ ಒಂದು ಮನೆಗೆ ಹೋದೆ. ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದ ಹೆಂಗಸರು ತಲೆಯೇ ಎತ್ತಲಿಲ್ಲ. "ಬಾಯಿ ನಡೀಲಿ ಅಕ್ಕ, ಕೈ ಖಾಲಿ ಉಂಟಲ್ಲ" ಎಂದು ಮನೆಯೊಡತಿ ಎಲೆ, ಹೊಗೆಸೊಪ್ಪಿನ ಮೊರವನ್ನು ನನ್ನ ಮಡಿಲಿಗಿಟ್ಟಳು. ನಾನೂ ಕಟ್ಟುತ್ತಾ, ದೊಡ್ಡ ಮೀನು ನುಂಗಿದ ಪ್ರವಾದಿ ಯೋನನ ಕಥೆ ಹೇಳತೊಡಗಿದೆ, ಎಲ್ಲರೂ ಕಿವಿಗೊಟ್ಟರು.

ಅಷ್ಟರಲ್ಲಿ ಪಾದ್ರಿಯವರು ಬಂದರು. "ಎಂತದಿದು ಮಾರಾಯ್ತಿ, ಬೀಡಿ ಸೇವೆಯಾ?"

"ಸುಮ್ಮನೆ ಕೂತ್ಕೊಳ್ಳಿ ಪಾದ್ರಿಗಳೇ! ಮೀನಿನ ಹೊಟ್ಟೆಗೆ ಹೋದ ಜನ ಇನ್ನೂ ಹೊರಗೆ ಬರ್ಲಿಲ್ಲ" ಎಂದು ಗದರಿದ ಮನೆಯೊಡತಿ, ಎಲೆ ಕತ್ತರಿಸಲು ಅವರ ಕೈಗೂ ಒಂದು ಕತ್ತರಿ ಕೊಟ್ಟಳು. ಅವರು ಕತ್ತರಿಸಿದರು.

ಈಗ ಕಡಬದಲ್ಲಿ ನನ್ನದೇ ಹಂಚಿನ ಪ್ರಾರ್ಥನಾಮನೆ ಉಂಟು. ಅದಕ್ಕೆ ತೆತ್ತದ್ದು ಜಗಲಿ ಜಗಲಿಯಲ್ಲಿ ಬೀಡಿ ಕಟ್ಟಿ ಬಗ್ಗಿದ ಈ ಬೆನ್ನು. ಒಂದನ್ನೂ ಸೇದಿದವಳಲ್ಲ.