ರೊಟ್ಟಿ ಸಪ್ಪಳದ ನಡುವೆ ಕೊರಿಯನ್

ಒಬ್ಬ ಹುಡುಗ ಸೇಬು ತಿನ್ನುತ್ತಾನೆ. ಒಬ್ಬ ಹೆಂಗಸು ನೀರು ಕುಡಿಯುತ್ತಾಳೆ. ಮತ್ತೆ ಅದೇ ಹುಡುಗ, ಅದೇ ಸೇಬು. ಕುಕನೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಹಳೆಯ ಲ್ಯಾಪ್‌ಟಾಪಿನ ಮುಂದೆ ಕೂತು ನಾನು ಒಂದು ವರ್ಷಕ್ಕೂ ಹೆಚ್ಚು ಕಾಲ ಆ ಹುಡುಗನ ಮುಖ ನೋಡಿದ್ದೇನೆ. ಒಮ್ಮೊಮ್ಮೆ ಅವನ ಕೈಯಿಂದ ಆ ಸೇಬು ಕಿತ್ತು ಹಿತ್ತಲಿಗೆ ಎಸೆಯಬೇಕು ಅನ್ನಿಸುತ್ತಿತ್ತು.

ಆ ತಂತ್ರಾಂಶದ ಪದ್ಧತಿಯೇ ಹಾಗೆ. ಅದು ಯಾವುದಕ್ಕೂ ಅರ್ಥ ಹೇಳುವುದಿಲ್ಲ. ಕನ್ನಡವಿರಲಿ, ಇಂಗ್ಲಿಷೂ ಇಲ್ಲ. ನಾಲ್ಕು ಚಿತ್ರ ತೋರಿಸುತ್ತದೆ, ಕೊರಿಯನ್ನಿನಲ್ಲಿ ಒಂದು ವಾಕ್ಯ ಹೇಳುತ್ತದೆ, ಅದು ಯಾವ ಚಿತ್ರದ ಮಾತು ಎಂದು ನಾವೇ ಗುರುತಿಸಬೇಕು. ಆಮೇಲೆ ಅದೇ ಮಾತನ್ನು ಮೈಕಿಗೆ ಹೇಳಬೇಕು. ಸರಿಯಾದರೆ ಹಸಿರು, ತಪ್ಪಾದರೆ ಕೆಂಪು. ಕೂಸು ಮಾತು ಕಲಿಯುವ ಹಾಗೆ ಕಲಿಯಿರಿ ಎಂಬುದು ಅದರ ತತ್ವ. ಕೂಸಿಗೇನು, ಅದಕ್ಕೆಲ್ಲಿಯ ಅವಸರ? ನನಗಿತ್ತು. ಬಿ.ಕಾಂ. ಮುಗಿಸಿ ಮನೆಯಲ್ಲಿ ಕೂತಿದ್ದೆ. ಕೂತಿದ್ದೆ ಅನ್ನುವುದೂ ಸುಳ್ಳೇ. ಪಡಸಾಲೆಯಿಂದ ಮಾಳಿಗೆಗೆ, ಮಾಳಿಗೆಯಿಂದ ಹಿತ್ತಲಿಗೆ ತಿರುಗುತ್ತಿದ್ದೆ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದೀ ಎಂದು ಅವ್ವ ದಿನಾ ಬಯ್ಯುತ್ತಿದ್ದಳು.

ಕೊರಿಯನ್ ಯಾಕೆ ಅಂತ ಎಲ್ಲರೂ ಕೇಳುತ್ತಿದ್ದರು. ಶುರುವಾದದ್ದು ಧಾರಾವಾಹಿಗಳಿಂದಲೇ, ಅದನ್ನೇನು ಮುಚ್ಚಿಡುವುದು. ಆದರೆ ಕೊಪ್ಪಳದಲ್ಲಿ ನನ್ನ ಜೊತೆ ಓದಿದ ಗೆಳತಿಯೊಬ್ಬಳು ಒಂದು ಕೆಲಸದ ಸುದ್ದಿ ಹೇಳಿದ ಮೇಲೆ ಅದು ಬರೀ ಶೋಕಿಯಾಗಿ ಉಳಿಯಲಿಲ್ಲ. ಮನೆಯಲ್ಲೇ ಕೂತು ಕೊರಿಯಾದ ಗಿರಾಕಿಗಳೊಡನೆ ಅವರ ಭಾಷೆಯಲ್ಲಿ ಮಾತಾಡುವ ಕೆಲಸ. ಮಾತು ಬಂದರೆ ಸಾಕು, ಪ್ರಮಾಣಪತ್ರ ಬೇಡ. ನನ್ನದೇ ಒಂದು ಕೆಲಸ, ನನ್ನದೇ ಒಂದು ಮೇಜು.

ಅಡ್ಡಿ ಇದ್ದದ್ದು ಒಂದೇ. ರೊಟ್ಟಿ. ಮಧ್ಯಾಹ್ನ ಕರೆಂಟು ಹೋಗುತ್ತಿತ್ತು, ಸಂಜೆ ಓಣಿಯ ಹೆಂಗಸರು ನಮ್ಮ ಕಟ್ಟೆಗೆ ಬಂದು ಕೂರುತ್ತಿದ್ದರು. ನನಗೆ ಉಳಿದದ್ದು ಬೆಳಗಿನ ಹೊತ್ತು. ಅವ್ವ ಜೋಳದ ರೊಟ್ಟಿ ಬಡಿಯುವುದೂ ಅದೇ ಹೊತ್ತಿಗೆ. ನಡುವೆ ಇದ್ದದ್ದು ಒಂದು ಗೋಡೆ. ನಾನು ಮೈಕಿಗೆ ಬಾಯಿ ತೆರೆದರೆ ಸಾಕು, ಒಳಗಿಂದ ದಪ್ ದಪ್ ದಪ್. ಲ್ಯಾಪ್‌ಟಾಪು ಅದನ್ನೂ ನನ್ನ ಮಾತೆಂದೇ ತಿಳಿದು ಕೆಂಪು ತೋರಿಸುತ್ತಿತ್ತು. ಒಂದು ದಿನ ನೆತ್ತಿಗೆ ಸಿಟ್ಟೇರಿ ಅಡಿಗೆಮನೆಗೆ ನುಗ್ಗಿದೆ, ಸಪ್ಪಳ ಮಾಡದೆ ರೊಟ್ಟಿ ಮಾಡಲು ಬರುವುದಿಲ್ಲವೇ ಎಂದು ಕೇಳಿದೆ.

ಅವ್ವ ತಲೆ ಎತ್ತಲಿಲ್ಲ. "ಕುಣಿಯಾಕ ಬರಲಾರದಾಕಿ ನೆಲಾ ಡೊಂಕು ಅಂದ್ಳಂತ. ನಿನ್ನ ಡಬ್ಬಿಗೆ ಹಸಿವಿಲ್ಲ, ನಿಮ್ಮಪ್ಪಗ ಐತಿ" ಅಂದಳು.

ಇಲ್ಲಿ ಅವ್ವನ ಬಗ್ಗೆ ಒಂದು ಮಾತು ಹೇಳಬೇಕು. ಅವ್ವನ ರೊಟ್ಟಿ ಅಂಚು ಸೀಳುವುದಿಲ್ಲ. ಕಾಗದದಷ್ಟು ತೆಳುವಾಗಿ, ಗುಂಡಗೆ, ಒಂದು ಬಿರುಕೂ ಇಲ್ಲದೆ ಬರುತ್ತದೆ. ಲಗ್ನದ ಮನೆಗಳಿಗೆ ಕುಕನೂರಷ್ಟೇ ಅಲ್ಲ, ಇಟಗಿ, ಇಲ್ಲೇ ಪಕ್ಕದ ಮಂಗಳೂರು ಎಂಬ ಹಳ್ಳಿಯವರೂ ಅವಳನ್ನು ಕರೆಯುತ್ತಾರೆ. ಅಪ್ಪಿತಪ್ಪಿ ಸೀಳಿದ ರೊಟ್ಟಿಯನ್ನು ಅವಳು ಮನೆಯವರ ಎಲೆಗೂ ಹಾಕಿದವಳಲ್ಲ, ಕಣ್ಣಿಗೆ ಬೀಳುವ ಮೊದಲೇ ಮುದ್ದೆ ಮಾಡಿಬಿಡುತ್ತಿದ್ದಳು. ಓದಿಲ್ಲ, ಊರು ಬಿಟ್ಟು ಹೆಚ್ಚು ಹೋಗಿಲ್ಲ. ಅವಳ ಮಾನವೆಲ್ಲ ಆ ರೊಟ್ಟಿಯ ಅಂಚಿನಲ್ಲಿತ್ತು.

ಅವಳು ಬಗ್ಗಲಿಲ್ಲ, ಹಾಗಾಗಿ ನಾನೇ ಬಗ್ಗಿದೆ. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ, ಹಸಿ ಅರಿವೆಯಿಂದ ಮೇಲೆ ನೀರು ಸವರಿ, ತಿರುವಿ ಹಾಕುವವರೆಗೆ ಸಪ್ಪಳ ನಿಲ್ಲುತ್ತದೆ. ಆ ಬಿಡುವಿನಲ್ಲಿ ನನ್ನ ವಾಕ್ಯ ಹೇಳಿ ಮುಗಿಸುವುದನ್ನು ರೂಢಿ ಮಾಡಿಕೊಂಡೆ. ದಪ್ ದಪ್ ಅನ್ನುವಾಗ ಮನಸ್ಸಿನಲ್ಲೇ ವಾಕ್ಯ ಕಟ್ಟುವುದು, ನಿಂತ ಕೂಡಲೇ ಉಸುರುವುದು. ಹಸಿರು ಬೀಳತೊಡಗಿತು. ಉದ್ದ ವಾಕ್ಯಗಳು ಬಂದಾಗ ಅವ್ವನ ರೊಟ್ಟಿ ಬೇಯುವ ಮೊದಲು ಮುಗಿಸಲು ನಾಲಿಗೆ ಓಡಿಸಬೇಕಾಗುತ್ತಿತ್ತು. ಗೋಡೆಯ ಆಚೆ ಅವಳೂ ಕೇಳಿಸಿಕೊಳ್ಳುತ್ತಿದ್ದಳು. ದಿನಾ ಬರುವ "ಒಮ್ಮ" ಎಂಬ ಮಾತು ಏನೆಂದು ಒಮ್ಮೆ ಕೇಳಿದಳು. ಅವ್ವ ಅಂತ, ಅಂದೆ. ಅಲ್ಲಿಯವರಿಗೂ ಅವ್ವ ಇರ್ತಾಳಲ್ಲ, ಸದ್ಯ, ಎಂದು ನಕ್ಕಳು.

ಅಷ್ಟರಲ್ಲಿ ಗಂಗಾವತಿಯ ಸಂಬಂಧ ಬಂತು. ಅಕ್ಕಿ ವ್ಯಾಪಾರದ ಮನೆತನ. ಪೇಟೆಯಲ್ಲಿ ಬೆಲ್ಲ, ಕಾಳುಕಡಿ ಮಾರುವ ನಮ್ಮಪ್ಪನಿಗೆ ಹಳೆಯ ಗುರುತು. ಬಂದರು, ಅವಲಕ್ಕಿ ತಿಂದರು, ಚಹಾ ಕುಡಿದರು. ಹುಡುಗ ಕೆಟ್ಟವನಲ್ಲ, ಕೆಟ್ಟವನಾಗಿದ್ದರೆ ನನಗೆಷ್ಟು ಸಲೀಸಾಗುತ್ತಿತ್ತು. ಅವನ ತಾಯಿಯೂ ಒಳ್ಳೆಯವಳೇ. ತಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಕೆಲಸ ಮಾಡುವ ಪದ್ಧತಿಯಿಲ್ಲ, ಅದರ ಅಗತ್ಯವೂ ಇಲ್ಲ, ಚೀನಾ ಭಾಷೆ ಬೇಕಾದರೆ ಹೊತ್ತು ಕಳೆಯಲು ಕಲಿಯಲಿ ಎಂದು ಪ್ರೀತಿಯಿಂದಲೇ ಹೇಳಿದಳು. ಚೀನಾ ಅಲ್ಲ ಎಂದು ನಾನು ಹೇಳಲಿಲ್ಲ. ಅಮಾವಾಸ್ಯೆ ಕಳೆದ ಮೇಲೆ ನಮ್ಮ ಮಾತು ತಿಳಿಸುವುದೆಂದಾಯಿತು.

ಅವರು ಹೋದ ಮೇಲೆ ಮನೆಯಲ್ಲಿ ಜಗಳ. ಈ ಸಂಬಂಧ ಆಗಲೇಬೇಕೆಂದು ಎಲ್ಲರಿಗಿಂತ ಹೆಚ್ಚು ಹಟ ಹಿಡಿದವಳು ಅವ್ವ. ಹುಚ್ಚು ಬಿಡೋತನಕ ಮದುವಿ ಆಗಂಗಿಲ್ಲ, ಮದುವಿ ಆಗೋತನಕ ಹುಚ್ಚು ಬಿಡಂಗಿಲ್ಲ ಎಂಬ ಗಾದೆಯನ್ನು ಅವಳು ನನ್ನ ಮುಖಕ್ಕೇ ಹೊಡೆದಳು. ನನಗೂ ರೇಗಿತು. ಗೆಳತಿ ಹೇಳಿದ ಕೆಲಸಕ್ಕೆ ನಾನು ಅರ್ಜಿ ಹಾಕಿದ್ದೆ, ಆ ಕಂಪನಿಯ ಸಂದರ್ಶನ ಅಮಾವಾಸ್ಯೆಗೆ ಮುಂಚೆಯೇ ಇತ್ತು.

"ಅದರಾಗ ನನಗ ಮಾತಾಡಾಕ ಬರಲಿಲ್ಲಂದ್ರ ನೀವು ಹೇಳಿದ ಕಡೆ ಕೊರಳು ಕೊಡ್ತೀನಿ" ಅಂದುಬಿಟ್ಟೆ.

ಅಪ್ಪ ಅದನ್ನು ಕೊಟ್ಟ ಮಾತು ಎಂದೇ ಹಿಡಿದ. ಅವನು ಪೇಟೆಯ ಮನುಷ್ಯ, ಅವನಿಗೆ ಮಾತೇ ಎಲ್ಲ. ನಾನು ಮಾಳಿಗೆ ಹತ್ತಿ ಬಿಸಿಲಲ್ಲೇ ಅತ್ತಿಂದಿತ್ತ ತಿರುಗಿದೆ. ನನ್ನ ಬಾಯಿಗೆ ಬೀಗ ಹಾಕುವವರು ಯಾರೂ ಇಲ್ಲವಲ್ಲ ಎಂದು ನನ್ನನ್ನೇ ಶಪಿಸಿಕೊಂಡೆ.

ಸಂದರ್ಶನದ ದಿನ ಅವ್ವ ನಸುಕಿನಲ್ಲೇ ಎದ್ದು ರೊಟ್ಟಿ ಮುಗಿಸಿದಳು. ಪಕ್ಕದ ಮನೆಯವರಿಗೆ ಮಿಕ್ಸರ್ ಹಚ್ಚಬೇಡಿರೆಂದು ಹೇಳಿಬಂದಳು. ಅಪ್ಪನನ್ನು ಬೇಗ ಅಂಗಡಿಗೆ ಕಳಿಸಿದಳು. ನಾನು ಲ್ಯಾಪ್‌ಟಾಪಿನ ಮುಂದೆ ಕೂತಾಗ ಮನೆಯಲ್ಲಿ ಒಂದೂ ಸಪ್ಪಳವಿರಲಿಲ್ಲ. ಬಾಗಿಲಲ್ಲಿ ನಿಂತು ಅವಳು ಕೈಯಿಂದಲೇ, ಮಾತಾಡು, ಅಂದಳು.

ಪರದೆಯ ಮೇಲೆ ಕೊರಿಯಾದ ಹೆಂಗಸೊಬ್ಬಳು ಬಂದಳು. ಗಿಡ್ಡ ಕೂದಲು, ದಣಿದ ಕಣ್ಣು. ನಿಮ್ಮ ಬಗ್ಗೆ ಹೇಳಿ ಎಂದಳು. ಪ್ರಶ್ನೆ ಅರ್ಥವಾಯಿತು, ಉತ್ತರವೂ ಗೊತ್ತಿತ್ತು. ಆದರೆ ಬಾಯಿ ತೆರೆಯಲಿಲ್ಲ. ಎಲ್ಲಿ ಶುರು ಮಾಡಬೇಕೆಂದೇ ತಿಳಿಯಲಿಲ್ಲ. ಅಷ್ಟು ದಿನ ನನ್ನ ವಾಕ್ಯಗಳು ದಪ್ ದಪ್ ಸಪ್ಪಳ ನಿಲ್ಲುವುದನ್ನು ಕಾದು ಹೊರಡುತ್ತಿದ್ದವು. ಈಗ ಕಾಯಲು ಏನೂ ಇಲ್ಲ. ಅವಳು ಪ್ರಶ್ನೆಯನ್ನು ಮತ್ತೊಮ್ಮೆ ನಿಧಾನವಾಗಿ ಕೇಳಿದಳು. ಗಂಗಾವತಿಯ ಮನೆ ಕಣ್ಣ ಮುಂದೆ ಬಂತು, ಒಳ್ಳೆಯ ಅತ್ತೆ, ಒಳ್ಳೆಯ ಹುಡುಗ, ನಾನು ಆ ಮನೆಯ ಮಾಳಿಗೆಯ ಮೇಲೂ ಹೀಗೇ ತಿರುಗುತ್ತಿರುವುದು. ಅಳು ಬಂತು.

ಒಂದು ನಿಮಿಷ ಎಂದು ಕೈ ಎತ್ತಿ ಮೈಕು ಆರಿಸಿದೆ. "ಅವ್ವಾ, ರೊಟ್ಟಿ ಬಡಿ."

"ರೊಟ್ಟಿ ಮುಗದಾವಲ್ಲ. ಎಸರೂ ಇಲ್ಲ, ಒಲೀನೂ ಆರೈತಿ."

"ಹೆಂಗರ ಬಡಿ. ನನಗ ಮಾತು ಬರವಲ್ಲದು."

ಅವಳು ಒಳಗೆ ಹೋದಳು. ಹಿಟ್ಟಿನ ಡಬ್ಬಿಯ ಮುಚ್ಚಳ ತೆರೆದ ಸಪ್ಪಳ, ನೀರು ಸುರಿದ ಸಪ್ಪಳ, ಆಮೇಲೆ ದಪ್ ದಪ್ ದಪ್. ಮೈಕು ಹಚ್ಚಿದೆ. ಸಪ್ಪಳ ನಿಂತಿತು, ನಾನು ಶುರು ಮಾಡಿದೆ. ಊರು, ಓದು, ಅಪ್ಪನ ಅಂಗಡಿ, ನನಗೆ ಈ ಕೆಲಸ ಯಾಕೆ ಬೇಕು, ಎಲ್ಲ ಬಂತು. ಕೋಪಿಸಿಕೊಂಡ ಗಿರಾಕಿಗೆ ಏನು ಹೇಳುತ್ತೀರಿ ಎಂದು ಆ ಹೆಂಗಸು ಕೇಳಿದಳು, ಅದಕ್ಕೂ ಹೇಳಿದೆ. ಕೊನೆಗೆ ಅವಳು ತಲೆ ವಾರೆ ಮಾಡಿ, ಅದೇನು ಸಪ್ಪಳ ಎಂದು ಕೇಳಿದಳು.

ಇದಕ್ಕೆ ಯಾವ ಚಿತ್ರವನ್ನೂ ನಾನು ನೋಡಿರಲಿಲ್ಲ. ಆ ತಂತ್ರಾಂಶದಲ್ಲಿ ಎಲ್ಲರೂ ಅನ್ನ ಉಣ್ಣುತ್ತಾರೆ, ಸೇಬು ತಿನ್ನುತ್ತಾರೆ, ರೊಟ್ಟಿ ಬಡಿಯುವವರು ಯಾರೂ ಇಲ್ಲ. ಇದ್ದ ಮಾತುಗಳನ್ನೇ ಜೋಡಿಸಿ ಹೇಳಿದೆ: ನಮ್ಮ ಒಮ್ಮ ಕೈಯಿಂದ ಹೊಡೆದು ರೊಟ್ಟಿ ಮಾಡುತ್ತಾಳೆ, ನಾನು ಅವಳ ಸಪ್ಪಳ ಕೇಳುತ್ತಾ ನಿಮ್ಮ ಭಾಷೆ ಕಲಿತೆ, ಅದಿಲ್ಲದಿದ್ದರೆ ನನಗೆ ಮಾತು ಬರುವುದಿಲ್ಲ. ಆ ಹೆಂಗಸು, ನೋಡಬಹುದೇ, ಎಂದಳು. ಲ್ಯಾಪ್‌ಟಾಪು ಎತ್ತಿಕೊಂಡು ಅಡಿಗೆಮನೆಯ ಬಾಗಿಲಿಗೆ ಹೋದೆ. ಅವ್ವ ಪರದೆ ನೋಡಿದಳು, ಹಿಟ್ಟಿನ ಕೈಯಲ್ಲೇ ಸೆರಗು ತಲೆಯ ಮೇಲೆ ಎಳೆದುಕೊಂಡಳು. ಬಡಿಯುವುದನ್ನು ಮಾತ್ರ ನಿಲ್ಲಿಸಲಿಲ್ಲ. ಆ ಹೆಂಗಸು ತಲೆ ಬಾಗಿಸಿ ನಮಸ್ಕಾರ ಮಾಡಿದಳು, ವಾರದೊಳಗೆ ತಿಳಿಸುತ್ತೇವೆ ಎಂದು ಹೇಳಿ ಹೋದಳು.

ಆಗ ನಾನು ರೊಟ್ಟಿಯ ಕಡೆ ನೋಡಿದೆ. ಜೋಳದ ಹಿಟ್ಟಿಗೆ ಕುದಿಯುವ ಎಸರು ಬೇಕು, ತಣ್ಣೀರಿಗೆ ಅದು ಕೂಡಿಕೊಳ್ಳುವುದಿಲ್ಲ. ಅವಳ ಮುಂದಿದ್ದ ರೊಟ್ಟಿ ನಡುವೆ, ಅಂಚಿಗೆ, ಎಲ್ಲೆಂದರಲ್ಲಿ ಸೀಳಿತ್ತು. ಸೀಳಿದ್ದನ್ನು ಮುದ್ದೆ ಮಾಡಿ, ಸ್ವಲ್ಪ ತಡೆದು, ಮತ್ತೆ ಬಡಿದು, ಅದೇ ಒಂದು ಉಂಡೆಯನ್ನು ಅವಳು ಅಷ್ಟೂ ಹೊತ್ತು ಬಡಿದಿದ್ದಳು. ಅಂಗೈ ಕೆಂಪಾಗಿತ್ತು.

"ಹರಕ ರೊಟ್ಟಿ ನೋಡಿದ್ಲಲ್ಲೇ ಆಕಿ" ಅಂದಳು. ಅವಳ ಕಣ್ಣಲ್ಲಿ ನೀರಿತ್ತು. ಆಮೇಲೆ ಮೆಲ್ಲಗೆ, "ಒಮ್ಮ ಅಂದಿ, ಕೇಳಿಸ್ತು. ನನ್ನ ಬಗ್ಗೆ ಏನ್ ಹೇಳಿದಿ?" ಎಂದು ಕೇಳಿದಳು.

ಹೇಳಿದ್ದನ್ನು ಹೇಳಿದೆ. ಅವಳು ಹಿಟ್ಟು ಬಳಿದು ಕೈ ತೊಳೆದಳು.

ಮಧ್ಯಾಹ್ನ ಅಪ್ಪ ಊಟಕ್ಕೆ ಬಂದ. ಗಂಗಾವತಿಯವರು ಅಂಗಡಿಗೆ ಫೋನು ಮಾಡಿದ್ದರಂತೆ, ಅಮಾವಾಸ್ಯೆಯ ತನಕ ಕಾಯುವುದೇಕೆ ಅಂದರಂತೆ. ಹೇಗಾಯಿತು ಎಂದು ಅಪ್ಪ ನನ್ನನ್ನು ಕೇಳಿದ. ಗೊತ್ತಿಲ್ಲ, ವಾರ ಬೇಕು, ಮೊದಲು ಮಾತೇ ಬರಲಿಲ್ಲ ಎಂದು ನಿಜವನ್ನೇ ಹೇಳಿದೆ. ಹಾಗಾದರೆ ಮಾತಿನ ಪ್ರಕಾರ, ಎಂದು ಅಪ್ಪ ಶುರು ಮಾಡಿದ.

ಅವ್ವ ಅವನ ಎಲೆಗೆ ನಸುಕಿನಲ್ಲಿ ಮಾಡಿದ ರೊಟ್ಟಿ ಹಾಕಿದಳು.

"ಬ್ಯಾಡಂತ ಹೇಳ್ರಿ ಅವ್ರಿಗೆ. ಮಾತು ಕೊಟ್ಟಾಕಿ ಆಕಿ. ಬ್ಯಾಡ ಅನ್ನಾಕಿ ನಾನು."