ಶಾಹೀನ್ ಆಪಾ ಸಾಕಿದ ಆಮೆ

ಅಂಗಳ ಗುಡಿಸುವಾಗ ನಿನ್ನೆಯ ದಾಸವಾಳಗಳು ಮುದುಡಿಕೊಂಡು ಪೊರಕೆಗೆ ಸಿಕ್ಕವು. ಅವನ್ನು ಕಸದ ಬುಟ್ಟಿಗೆ ಸುರಿಯಲು ಇವತ್ತಿಗೂ ಮನಸ್ಸು ಬರುವುದಿಲ್ಲ ನೋಡಿ. ಎಂಟು ವರ್ಷಗಳ ಹಿಂದೆ ಈ ಹೂಗಳಿಗೊಬ್ಬ ಗಿರಾಕಿಯಿದ್ದ.

ಆರ್.ಟಿ. ನಗರದ ನಮ್ಮ ಪಕ್ಕದ ಮನೆಯ ಶಾಹೀನ್ ಆಪಾ ಮೆಕ್ಕಾಗೆ ಉಮ್ರಾ ಯಾತ್ರೆ ಹೊರಟಾಗ ತಮ್ಮ ನಕ್ಷತ್ರ ಆಮೆಯನ್ನು ನನ್ನ ಕೈಗಿತ್ತಿದ್ದರು. ಚಿಪ್ಪಿನ ತುಂಬ ಹಳದಿ ಗೆರೆಗಳು, ಹೆಸರು ನವಾಬ. ಅವರ ಮಾವ ಯಾವ ಕಾಲದಲ್ಲೋ ಸಂತೆಯಲ್ಲಿ ಕೊಂಡದ್ದಂತೆ. ಆಗ ಯಾರೂ ಏನೂ ಕೇಳುತ್ತಿರಲಿಲ್ಲ. "ದಾಸವಾಳ ಅಂದ್ರೆ ಪ್ರಾಣ. ಕೈಯಿಂದ ತಿನ್ಸು ಮಾ, ತಟ್ಟೇಲಿ ಇಟ್ರೆ ಮುನಿಸ್ಕೊಳ್ತಾನೆ," ಎಂದಿದ್ದರು.

ಒಂದು ಸಂಜೆ ಮಗಳು ಶಾಲೆಯಿಂದ ಬಂದವಳೇ, "ಅಮ್ಮಾ, ಇದನ್ನ ಮನೇಲಿ ಇಟ್ಕೊಂಡ್ರೆ ಜೈಲಂತೆ! ಮಿಸ್ ಹೇಳಿದ್ರು," ಎಂದಳು. ಅವಳ ಪುಸ್ತಕ ತೆರೆದೆ, ಗೊಂದಲ ಇಮ್ಮಡಿಯಾಯಿತು. ರಾಜರು ಬೇಟೆಗೆಂದು ಕಾಯ್ದಿಟ್ಟ ಕಾಡುಗಳೇ ಕೆಲವು ಮುಂದೆ ಅಭಯಾರಣ್ಯಗಳಾದವಂತೆ. ಕೊಲ್ಲಲೆಂದು ಕಾದವರಿಂದ ಹುಲಿ ಉಳಿಯಿತು. ಮುದ್ದಿನಿಂದ ತಿನ್ನಿಸಿದ ಆಪಾ ಅಪರಾಧಿ! ಕಾನ್ವೆಂಟಿನಲ್ಲಿ ಪ್ರತಿ ವರ್ಷ ನೀತಿಪಾಠದ ಬಹುಮಾನ ಗೆದ್ದವಳು ನಾನು. ಇಂಥ ಪ್ರಶ್ನೆಯನ್ನು ಸಿಸ್ಟರ್ ಒಮ್ಮೆಯೂ ಕೇಳಿರಲಿಲ್ಲ.

ಆಪಾಗೆ ಫೋನ್ ಮಾಡಬಹುದಿತ್ತು. ಪ್ರಾರ್ಥನೆಯಲ್ಲಿರುವವರಿಗೇಕೆ ತೊಂದರೆ ಎಂದುಕೊಂಡೆ. ನಿಜ ಹೇಳಬೇಕೆಂದರೆ ಧೈರ್ಯವಿರಲಿಲ್ಲ. ಮರುದಿನ ನವಾಬನನ್ನು ಬುಟ್ಟಿಯಲ್ಲಿಟ್ಟು, ಟವೆಲ್ ಹೊದಿಸಿ, ಆಟೋದಲ್ಲಿ ಜಕ್ಕೂರು ಕೆರೆಗೆ ಹೋದೆ. ಬಿಡುಗಡೆ ಕೊಡಿಸುವ ಹೆಮ್ಮೆಯಲ್ಲಿ ನೀರಿಗೆ ಬಾಗಿದ್ದೆ, ಹುಲ್ಲು ಕೊಯ್ಯುತ್ತಿದ್ದ ಅಜ್ಜಿಯೊಬ್ಬರು ಕೂಗಿದರು: "ಏ ತಾಯಿ, ಇಂಗೆಲ್ಲಾ ಬುಡ್ಬ್ಯಾಡ! ಅದು ನೆಲದ್ದು ಕಣವ್ವಾ, ಈಜಕ್ ಬರಾಕಿಲ್ಲ. ಮುಳ್ಗೋಯ್ತದೆ!"

ಬುಟ್ಟಿಯನ್ನು ಹಿಂದಕ್ಕೆಳೆದುಕೊಂಡು ಅಲ್ಲೇ ಕೂತೆ. ನವಾಬ ಮಾತ್ರ ಕತ್ತು ಚಾಚಿ, ತಿನ್ನಲು ಏನಾದರೂ ಇದೆಯೇ ಎಂದು ನನ್ನ ಬೆರಳುಗಳನ್ನು ಮೂಸುತ್ತಿದ್ದ.

ಕೊನೆಗೆ ವನ್ಯಜೀವಿ ರಕ್ಷಣಾ ಕೇಂದ್ರವೊಂದಕ್ಕೆ ಒಪ್ಪಿಸಿದೆ. ಅಲ್ಲಿನ ಹುಡುಗಿ ತಾಳ್ಮೆಯಿಂದ ಹೇಳಿದಳು: "ಸೀದಾ ಕಾಡಿಗೆ ಬಿಡಕ್ಕಾಗಲ್ಲ ಆಂಟಿ. ಇದಕ್ಕೆ ಕಾಯಿಲೆ ಇದ್ರೆ ಅಲ್ಲಿರೋವಕ್ಕೂ ಅಂಟುತ್ತೆ. ಮೊದ್ಲು ಬೇರೆ ಇಡ್ತೀವಿ. ಕೈಯಿಂದ ತಿನ್ಸಲ್ಲ, ಹೆಸರಿಟ್ಟು ಕರೆಯಲ್ಲ. ಮನುಷ್ಯರನ್ನ ಅದು ಮರೀಬೇಕು."

"ಮರೀದಿದ್ರೆ?"

"ಆಗ ಕಾಡಿಲ್ಲ. ಕೊನೇವರ್ಗೂ ಇಲ್ಲೇ."

ಯಾತ್ರೆ ಮುಗಿಸಿ ಆಪಾ ಬಂದರು, ಎಲ್ಲ ಕೇಳಿಸಿಕೊಂಡರು. ಬೈಯಲಿಲ್ಲ. "ಸರಿಯಾಗೇ ಮಾಡ್ದೆ. ಲೇಕಿನ್ ನನ್ನ ಒಂದ್ ಮಾತು ಕೇಳ್ಬೇಕಿತ್ತಲ್ಲ ಮಾ," ಎಂದು ಮೆಲ್ಲಗೆ ಬಾಗಿಲು ಹಾಕಿಕೊಂಡರು. ಅದು ನನಗಾಗಿ ಮತ್ತೆ ತೆರೆಯಲು ತಿಂಗಳುಗಳೇ ಹಿಡಿದವು.

ಆಮೇಲೆ ನಾವು ಎಲ್ಲವನ್ನೂ ಮಾತಾಡಿದ್ದೇವೆ, ನವಾಬನೊಬ್ಬನನ್ನು ಬಿಟ್ಟು. ಕೇಂದ್ರಕ್ಕೆ ಫೋನ್ ಮಾಡಿ ವಿಚಾರಿಸುವ ಧೈರ್ಯ ನನಗಿನ್ನೂ ಬಂದಿಲ್ಲ. ಇವತ್ತು ಪೊರಕೆ ಹಿಡಿದು ನಿಂತವಳನ್ನು ಕಾಂಪೌಂಡಿನಾಚೆಯಿಂದ ನೋಡಿ ಆಪಾ ತಾವಾಗಿಯೇ ಕೇಳಿದರು: "ಅವನು ನಮ್ಮನ್ನ ಮರ್ತಿರ್ತಾನೆ, ಅಲ್ವಾ?"

ಹೌದೆಂದರೆ ಅವರಿಗೆ ನೋವು. ಇಲ್ಲವೆಂದರೆ ನವಾಬ ಇನ್ನೂ ಬೇಲಿಯೊಳಗೇ ಇದ್ದಾನೆಂದು ಅರ್ಥ.

"ಮರ್ತಿರ್ತಾನೆ ಆಪಾ," ಎಂದೆ.

ಆಪಾ ದುಪಟ್ಟಾದಿಂದ ಕಣ್ಣೊರೆಸಿಕೊಂಡು ಹೇಳಿದರು, "ಇನ್ಶಾ ಅಲ್ಲಾಹ್."