ನಾಲ್ಕು ಡಿಗ್ರಿ ಬಯಲಿನ ಊಟ

2023ರ ಚಳಿಗಾಲದಲ್ಲಿ ನಾನು ಸ್ಯಾನ್ ಡಿಯಾಗೋದ ಸೊರೆಂಟೊ ವ್ಯಾಲಿಯ ಒಂದು ಸಣ್ಣ ಸಂಸ್ಥೆಯಲ್ಲಿ ಹಿಮ ವೀಕ್ಷಕಿಯಾಗಿದ್ದೆ. ವಾರಕ್ಕೆ ಮೂರು ದಿನ ಲಾಸ್ ಏಂಜಲೀಸ್‌ನ ಹಿಂದಿನ ಬೆಟ್ಟಗಳಿಗೆ ಹೋಗಿ ಹಿಮದಲ್ಲಿ ಗುಂಡಿ ತೋಡುವುದು, ಪದರಗಳನ್ನು ಪರೀಕ್ಷಿಸುವುದು, ಹಿಮಕುಸಿತದ ಅಪಾಯ ಎಷ್ಟಿದೆ ಎಂದು ಬುಲೆಟಿನ್ ಬರೆಯುವುದು ನನ್ನ ಕೆಲಸ. ಬೀಚಿನ ಊರಿನಲ್ಲಿ ಹಿಮದ ಕೆಲಸವೇ ಎಂದು ಕೇಳುವವರಿಗೆ ಉತ್ತರಿಸುವುದನ್ನು ಬಿಟ್ಟಿದ್ದೆ.

ಆ ಶುಕ್ರವಾರದ ಹೊತ್ತಿಗೆ ದೊಡ್ಡ ಹಿಮಪಾತ ನಿಂತಿತ್ತು. ಹಿಂದೆಯೇ ಬಂದ ಈಶಾನ್ಯದ ಗಾಳಿ ಹೊಸ ಹಿಮವನ್ನೆಲ್ಲ ಗುಡಿಸಿ ನೈರುತ್ಯದ ಇಳಿಜಾರುಗಳ ಮೇಲೆ ಪೇರಿಸಿತ್ತು. ಹೀಗೆ ಗಾಳಿ ಒತ್ತಿ ಕೂರಿಸಿದ ಗಟ್ಟಿ ಪದರವೇ ವಿಂಡ್ ಸ್ಲ್ಯಾಬ್. ಕೆಳಗೆ ನುಣುಪಾದ ಹಳೆಯ ಮಂಜುಗಡ್ಡೆಯಿದ್ದರೆ ಅದು ಅಂಟಿಕೊಳ್ಳುವುದಿಲ್ಲ. ನನ್ನ ಗುಂಡಿಯಲ್ಲಿ ಸ್ಲ್ಯಾಬ್ ನಲವತ್ತೈದು ಸೆಂಟಿಮೀಟರ್ ದಪ್ಪವಿತ್ತು. ಮೇಲಿಟ್ಟ ಸಲಿಕೆಯನ್ನು ಹನ್ನೆರಡು ಸಲ ತಟ್ಟಿದ್ದಕ್ಕೇ ಆ ಪದರ ಜಾರಿತು. ಅಪಾಯ ಐದರಲ್ಲಿ ಮೂರನೇ ಮಟ್ಟ, ಮೂವತ್ತು ಡಿಗ್ರಿಗಿಂತ ಕಡಿದಾದ ಇಳಿಜಾರಿಗೆ ಹೋಗಬೇಡಿ ಎಂದು ಬರೆದೆ.

ಶನಿವಾರ ಹನ್ನೊಂದೂವರೆಗೆ ಬೆಟ್ಟ ಇಳಿದು ಬರುವಾಗ ಕನ್ನಡ ಕೇಳಿಸಿತು. ನಾನು ಗುಂಡಿ ತೋಡಿದ್ದ ಇಳಿಜಾರಿನ ಬುಡದ ಬಯಲಿನಲ್ಲಿ ಟಾರ್ಪಾಲು ಹಾಸಿ ಹದಿನಾಲ್ಕು ಜನ ಕೂತಿದ್ದರು. ಒಬ್ಬರು ನನಗೆ ಪರಿಚಯವಿದ್ದ, ಸ್ಯಾನ್ ಡಿಯಾಗೋದ ಫೋರ್ ಎಸ್ ರ್ಯಾಂಚ್ ಬಡಾವಣೆಯ ಪ್ರಸಾದ್ ಅಂಕಲ್, ಟೆಲಿಕಾಂ ಎಂಜಿನಿಯರ್. ಅವರ ಹೆಂಡತಿ, ಧಾರವಾಡದ ಶೈಲಾ ಆಂಟಿ. ಉಳಿದವರು ಅವರ ನೆರೆಹೊರೆಯ ಕುಟುಂಬಗಳು.

"ಬಾಮ್ಮ, ನಿನ್ನ ಬುಲೆಟಿನ್ ಓದ್ಕೊಂಡೇ ಬಂದಿದ್ದೀವಿ." ಅಂಕಲ್ ಇಳಿಜಾರು ಅಳೆಯುವ ಆ್ಯಪ್ ತೆರೆದು ಫೋನನ್ನು ಹಿಮದ ಮೇಲಿಟ್ಟು ತೋರಿಸಿದರು. "ನೋಡು, ನಾಲ್ಕು ಡಿಗ್ರಿ. ನೀನು ಹೇಳಿದ್ದು ಮೂವತ್ತು."

ಅಳತೆ ಸರಿಯಾಗಿಯೇ ಇತ್ತು. ಅಳೆದದ್ದು ಮಾತ್ರ ತಾವು ಕೂತ ಜಾಗವನ್ನು. ನೆತ್ತಿಯ ಮೇಲಿದ್ದ ಇಳಿಜಾರು ಮೂವತ್ತಾರು ಡಿಗ್ರಿ.

"ಅಂಕಲ್, ಇಲ್ಲಿ ಒಂದೂ ಮರ ಇಲ್ಲ, ಯಾಕೆ ಗೊತ್ತಾ? ಮೇಲಿಂದ ಜಾರಿದ ಹಿಮ ಎಲ್ಲಾ ಮುರ್ಕೊಂಡು ಹೋಗಿದೆ. ಅದು ಬಂದು ಬೀಳೋ ಜಾಗದಲ್ಲೇ ಕೂತಿದ್ದೀರಿ."

"ಅದಕ್ಕೇ ಒಳ್ಳೇ ಬಿಸಿಲು ಬರ್ತಿದೆ. ಸರಿ, ಪ್ರಾಬಬಿಲಿಟಿ ಎಷ್ಟು?"

"ಹಾಗೆ ನಂಬರ್ ಕೊಡಕ್ಕಾಗಲ್ಲ."

"ಡೇಟಾ ಇಲ್ದೇ ಹೆದರಿಸ್ತೀಯಲ್ಲಮ್ಮ." ನಾಲ್ಕು ಜನ ನಕ್ಕರು.

ಶೈಲಾ ಆಂಟಿ ತಟ್ಟೆ ಚಾಚಿದರು. "ಮೊದ್ಲ ಊಟ ಮಾಡವಾ. ಬಿಸಿಬ್ಯಾಳಿ ಭಾತ್ ಆರಿದ್ರ ಹುಡುಗ್ರು ಮುಟ್ಟಂಗಿಲ್ಲ."

ಅಷ್ಟರಲ್ಲಿ ಮಕ್ಕಳು ಕಣ್ಣಿಗೆ ಬಿದ್ದರು. ಇಳಿಜಾರಿನ ಮೇಲಿನ ಬಂಡೆಗಳ ಕೆಳಗಿನಿಂದ ಮುಷ್ಟಿಗಾತ್ರದ ಹಿಮದ ಉಂಡೆಗಳು ಒಂದೊಂದಾಗಿ ಉರುಳಿ ಬರುತ್ತಿದ್ದವು. ಯಾರು ಹೆಚ್ಚು ಹಿಡಿಯುತ್ತಾರೆಂದು ಇಂಗ್ಲಿಷಿನಲ್ಲಿ ಎಣಿಸುತ್ತ ಮಕ್ಕಳು ಇಳಿಜಾರಿನ ಕಡೆಗೇ ಓಡುತ್ತಿದ್ದರು. ಬಿಸಿಲಿಗೆ ಹಿಮ ಸಡಿಲವಾಗುತ್ತಿದೆ ಎನ್ನುವುದಕ್ಕೆ ಆ ಉಂಡೆಗಳೇ ಗುರುತು. ಅದನ್ನೂ ಹೇಳಿದೆ. ಅಂಕಲ್ ಅದರ ವಿಡಿಯೋ ಮಾಡತೊಡಗಿದರು.

ನಾನು ಮಾತು ನಿಲ್ಲಿಸಿದೆ. ಊಟ ರೆಡಿ ಎಂದು ಮಕ್ಕಳನ್ನು ಕೂಗಿ, ದೊಡ್ಡ ಹಾಟ್‌ಕೇಸನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಇನ್ನೂರು ಮೀಟರ್ ಆಚೆ ದಿಬ್ಬದ ಮೇಲಿದ್ದ ದಟ್ಟ ಮರಗಳ ಕಡೆ ನಡೆದೆ.

"ಏ, ಭಾತ್ ತಗೊಂಡು ಎಲ್ಲಿ ಹೊಂಟಿ?"

ತಿರುಗಿ ನೋಡಲಿಲ್ಲ. ಮೊದಲು ಮಕ್ಕಳು ಬಂದರು, ಆಮೇಲೆ ಸೌಟು ಹಿಡಿದ ಆಂಟಿ, ಕೊನೆಗೆ ಟಾರ್ಪಾಲು ಎಳೆದುಕೊಂಡು ಅಂಕಲ್. "ಇದಕ್ಕೆ ಲಾಜಿಕ್ಕೇ ಇಲ್ಲ," ಎನ್ನುತ್ತಿದ್ದರು.

ಎಲ್ಲರೂ ನೆರಳಿನಲ್ಲಿ ನಡುಗುತ್ತ ಉಂಡರು. ಏನೂ ಬೀಳಲಿಲ್ಲ. ಅಂಕಲ್ ಗಡಿಯಾರ ನೋಡಿ ಆ ಮಾತನ್ನೇ ಎರಡು ಸಲ ಹೇಳಿದರು.

ಬಿದ್ದದ್ದು ಭಾನುವಾರ ಮಧ್ಯಾಹ್ನ. ಬಯಲು ತುಂಬಿಹೋಗಿತ್ತು. ಟಾರ್ಪಾಲು ಹಾಸಿದ್ದ ಕಡೆ ನನ್ನ ಸಹೋದ್ಯೋಗಿ ಕೋಲು ಚುಚ್ಚಿ ಅಳೆದಾಗ ಎರಡು ಮೀಟರ್ ಹಿಮ. ಫೋಟೋವನ್ನು ಅಂಕಲ್‌ಗೆ ಕಳಿಸಿದೆ. ಉತ್ತರ ಬಂತು: "ಹಾಗಾದ್ರೆ ಶನಿವಾರ ಸೇಫ್ ಇತ್ತು."

ಸಿಟ್ಟು ಇಳಿದ ಮೇಲೆ ನನ್ನ ಬುಲೆಟಿನ್ನನ್ನು ಮತ್ತೆ ಓದಿದೆ. ಹತ್ತುವವರಿಗೆ ಏಳು ಎಚ್ಚರಿಕೆಗಳಿದ್ದವು. ಬುಡದಲ್ಲಿ ಕೂರುವವರಿಗೆ ಒಂದೂ ಇರಲಿಲ್ಲ. ಅಂಕಲ್ ನನ್ನ ವಾಕ್ಯವನ್ನು ಅಕ್ಷರಶಃ ಪಾಲಿಸಿದ್ದರು. ಮುಂದಿನ ಬುಲೆಟಿನ್ನಿನ ಮೊದಲ ಸಾಲನ್ನು ಬದಲಿಸಿದೆ: "ಊಟಕ್ಕೆ ಕೂರುವ ಮುನ್ನ ತಲೆ ಎತ್ತಿ ಮೇಲಿನ ಇಳಿಜಾರನ್ನು ನೋಡಿ." ಎಲ್ಲರಿಗೂ ಗೊತ್ತಿರುವುದನ್ನು ಬರೆಯುವುದೇಕೆ ಎಂದು ಮೇಲಧಿಕಾರಿ ಅದನ್ನು ಹೊಡೆದುಹಾಕಲು ಹೊರಟರು. ನಾನು ಬಿಡಲಿಲ್ಲ. ಅಪಾಯ ಎಲ್ಲಿ ಹುಟ್ಟುತ್ತದೆ ಎಂದಷ್ಟೇ ಹೇಳಿದರೆ ಸಾಲದು, ಎಲ್ಲಿಗೆ ಬಂದು ನಿಲ್ಲುತ್ತದೆ ಎಂದೂ ಹೇಳಬೇಕು. ಓದುವವರು ಹೆಚ್ಚಾಗಿ ಅಲ್ಲೇ ಇರುತ್ತಾರೆ.